ಪೆನ್ಶನ್ ಕೇಳಿದ ಮುದುಕೇರು ಉಳಿಸಿಟ್ಟ ಮನಿತನ

ನಮ್ಮ ಕಡೆ ಸುಗ್ಗಿ ಮುಗದ ಮ್ಯಾಲೆ ಹೆಳವರು ಬರತಿದ್ರು. ಎತ್ತಿನ ಮ್ಯಾಲೆ ಕೂತು, ಗಂಟಿ ಬಾರಿಸಿಕೋತ ಬಂದು, ಮನಿ ಮುಂದ ನಿಂತು, ನಿಮ್ಮ ಮುತ್ತಜ್ಜ ಇಂಥಾವ, ಇಂಥಾ ಊರಿಂದ ಬಂದಾವ ಅಂತ ಹಿಂದಿನ ತಲಿಮಾರಿನ ಹೆಸರೆಲ್ಲಾ ಹೇಳಿ, ಜ್ವಾಳ ಇಸಗೊಂಡು ಹೋಗತಿದ್ರು. ಓದು ಬರಹ ಇಲ್ಲದ ಮನಿಯವರಿಗೂ ತಮ್ಮ ವಂಶಾವಳಿ ಗೊತ್ತಾಗತಿದ್ದದ್ದು ಹಂಗ. ಐರ್ಲೆಂಡಿನ ಬಡ ರೈತರ ಬಾಗಲಿಗೆ ಹಿಂಗ ಹೇಳವರು ಯಾರೂ ಬರತಿರಲಿಲ್ಲ. ಅಲ್ಲಿಂದ ಹಡಗ ಹತ್ತಿ ಅಮೆರಿಕಾ, ಆಸ್ಟ್ರೇಲಿಯಾಕ್ಕ ಹೋದವರ ಮೊಮ್ಮಕ್ಕಳು ಇವತ್ತ ತಮ್ಮ ಮುತ್ತಜ್ಜೀನ ಹುಡಕಬೇಕಂದ್ರ ಕಾಗದಪತ್ರನ ಗತಿ. ಆ ಕಾಗದಪತ್ರ ನೋಡಿದ್ರ, ಭಾಳಷ್ಟು ಸುಟ್ಟು ಬೂದಿ ಆಗ್ಯಾವ.

ಹಂಗಿದ್ರೂ ಮುತ್ತಜ್ಜಿ ಸಿಗತಾಳ. ಹೆಂಗ ಸಿಗತಾಳ ಅನ್ನೋದು ಇವತ್ತಿನ ಮಾತು. ಅದರಾಗ ಹೆಂಗಸರ ಪಾಲು ದೊಡ್ಡದ ಅದ, ಅದಕ್ಕ ನಿಮ್ಮ ಮುಂದ ಹೇಳಬೇಕನಸ್ತು.

ಮೊದಲ ಸುಟ್ಟ ಕಥಿ ಕೇಳ್ರಿ. ಡಬ್ಲಿನ್ ಊರಾಗ ಲಿಫಿ ನದಿ ದಂಡಿಗೆ ಫೋರ್ ಕೋರ್ಟ್ಸ್ ಅಂತ ದೊಡ್ಡ ನ್ಯಾಯಾಲಯದ ಕಟ್ಟಡ ಅದ. ಅದರ ಆವಾರದಾಗನ ಸರಕಾರಿ ದಫ್ತರಖಾನೆ ಇತ್ತು. ಏಳನೂರು ವರ್ಷದ ಕಾಗದ ಎಲ್ಲಾ ಒಂದ ಕಡೆ ಭದ್ರ ಇರಲಿ ಅಂತ ಊರೂರಿಂದ ತಂದು ಅಲ್ಲಿ ಇಟ್ಟಿದ್ರು. 1922ರಾಗ ಇಂಗ್ಲೆಂಡ್ ಜೋಡಿ ಮಾಡಿಕೊಂಡ ಒಪ್ಪಂದ ಬೇಕನ್ನವರಿಗೂ ಬ್ಯಾಡನ್ನವರಿಗೂ ತಮ್ಮತಮ್ಮೊಳಗ ಯುದ್ಧ ಹತ್ತಿತು. ಬ್ಯಾಡನ್ನವರು ಫೋರ್ ಕೋರ್ಟ್ಸ್ ಹಿಡದು ಕೂತ್ರು. ಜೂನ್ 28ಕ್ಕ ಹೊಸಾ ಸರಕಾರದ ಸೈನ್ಯ ತೋಫು ಹಾರಸ್ತು. ಜೂನ್ 30ಕ್ಕ ಒಳಗಿದ್ದ ಮದ್ದುಗುಂಡು ಸಿಡದು ದಫ್ತರಖಾನೆ ಹೊತ್ತಿ ಉರೀತು. ಅರ್ಧಾ ಸುಟ್ಟ ಹಾಳಿ ಗಾಳ್ಯಾಗ ಹಾರಿ ಊರ ಮ್ಯಾಲೆಲ್ಲಾ ಬಿದ್ವಂತ.

ಅವತ್ತ ಸುಟ್ಟದ್ದರಾಗ 1821, 1831, 1841, 1851ರ ಜನಗಣತಿ ಇದ್ವು. ಅಲ್ಲೊಂದು ಇಲ್ಲೊಂದು ಊರಿನ ಹಾಳಿ ಬಿಟ್ರ ಎಲ್ಲಾ ಹೋತು. ಇದರಾಗ 1851ರದು ನೆನಸಿದ್ರ ಹೊಟ್ಟ್ಯಾಗ ಸಂಕಟ ಆಗತದ. 1845ರಿಂದ ಐರ್ಲೆಂಡಿನಾಗ ಬಟಾಟಿ ಬೆಳಿಗೆ ರೋಗ ಬಿದ್ದು ದೊಡ್ಡ ಬರಗಾಲ ಆತು. ಸುಮಾರು ಹತ್ತು ಲಕ್ಷ ಮಂದಿ ಸತ್ರು, ಅದಕ್ಕಿಂತಾ ಹೆಚ್ಚು ಮಂದಿ ದೇಶಾ ಬಿಟ್ರು. 1851ರ ಗಣತಿಯವರು ಮನಿಮನಿಗೆ ಹೋಗಿ, ಇದ್ದವರ ಹೆಸರಷ್ಟ ಅಲ್ಲ, ಹಿಂದಿನ ಹತ್ತು ವರ್ಷದಾಗ ಮನ್ಯಾಗ ತೀರಿಕೊಂಡವರ ಹೆಸರೂ ಬರಕೊಂಡಿದ್ರು. ಬರಗಾಲಕ್ಕ ಯಾವ ಮನ್ಯಾಗ ಯಾವ ಕೂಸು ಹೋತು, ಯಾವ ಅಜ್ಜಿ ಹೋದಳು ಅನ್ನೋ ಲೆಕ್ಕ ಅದು. ಅದೂ ಉರೀತು. ಅದರ ಮುಂದಿನ ಗಣತಿನಾದ್ರೂ ಉಳದಾವೇನು ಅಂದ್ರ, 1861, 1871ರದನ್ನ ಸರಕಾರನ ಹಾಳ ಮಾಡಿಬಿಟ್ಟಿತ್ತು. 1881, 1891ರದು ಮೊದಲನೇ ಮಹಾಯುದ್ಧದಾಗ ಕಾಗದದ ತುಟ್ಟಿ ಆದಾಗ ಅರದು ರದ್ದಿ ಮಾಡಿದ್ರು. ಇಡೀ ದೇಶದ್ದು ಪೂರ್ತಿ ಸಿಗೋ ಮೊದಲನೇ ಗಣತಿ ಅಂದ್ರ 1901ರದು.

ಹಂಗಾದ್ರ ಬರಗಾಲದ ಮುಂಚಿನ ಮನಿ ಹುಡುಕೋದು ಹೆಂಗ? ಇಲ್ಲೇ ನಮ್ಮ ಮುದುಕೇರು ಬರತಾರ ನೋಡ್ರಿ.

1909ರ ಜನವರಿ 1ರಿಂದ ಸರಕಾರ 70 ವರ್ಷ ತುಂಬಿದ ಬಡವರಿಗೆ ಪೆನ್ಶನ್ ಕೊಡಾಕ ಶುರು ಮಾಡ್ತು, ವಾರಕ್ಕ 5 ಶಿಲಿಂಗ್ ತನಕ. ಒಂಟಿ ಮುದುಕಿಗೆ ಅದು ಬಂಗಾರ ಇದ್ಧಂಗ. ಆದ್ರ 70 ತುಂಬೇದ ಅಂತ ತೋರಸೋದು ಹೆಂಗ? ಐರ್ಲೆಂಡಿನಾಗ ಎಲ್ಲಾರ ಹುಟ್ಟು ಸಾವು ಸರಕಾರಿ ದಫ್ತರದಾಗ ಬರಿಯಾಕ ಹತ್ತಿದ್ದೇ 1864ರಿಂದ. ಇವರೆಲ್ಲಾ ಅದಕ್ಕಿಂತಾ ಮದಲ ಹುಟ್ಟಿದವರು. ನಮ್ಮ ಹಿರ್ಯಾರು ಪ್ಲೇಗ್ ಬಂದ ವರ್ಷ ಹುಟ್ಟಿದೆ ಅಂತಿದ್ರಲ್ಲಾ, ಹಂಗ ಅಲ್ಲಿಯವರು ದೊಡ್ಡ ಗಾಳಿ ಬೀಸಿದ ರಾತ್ರಿ ನೆನಪದ ಅಂತಿದ್ರು. 1839ರ ಜನವರಿ 6ರ ರಾತ್ರಿ ಮನಿಗಳ ಛಪ್ಪರ ಹಾರಿಸಿಕೊಂಡು ಹೋದಂಥಾ ಬಿರುಗಾಳಿ ಅದು. ಆ ಗಾಳಿ ಕಂಡವರು ಅಂದ್ರ 70 ದಾಟಿದವರು ಅಂತ ಲೆಕ್ಕ. 1901ರಿಂದ 1911ರ ನಡುವ ಎಷ್ಟೋ ಮಂದಿಗೆ ಹತ್ತು ವರ್ಷದಾಗ ಹದಿನಾಕು ಹದಿನೈದು ವಯಸ್ಸು ಏರಿದ್ದು ಎರಡೂ ಗಣತಿ ಎದರಾಬದರಾ ಇಟ್ಟು ನೋಡಿದ್ರ ಕಾಣತದ. ಪೆನ್ಶನ್ನಿನ ಮಹಿಮಾ!

ಬರೇ ಗಾಳಿ ಮಾತಿಗೆ ರೊಕ್ಕ ಕೊಡಾಕಾಗತದೇನು? ಅದಕ್ಕ ಡಬ್ಲಿನ್ ದಫ್ತರಖಾನಿಗೆ ಅರ್ಜಿ ಹೋಗತಿತ್ತು: ಈ ಹೆಣ್ಣಮಗಳು ಸಣ್ಣಾಕಿ ಇದ್ದಾಗ ಇಂಥಾ ಹಳ್ಳ್ಯಾಗಿದ್ದಳು, ಅಪ್ಪ ಇಂಥಾವ, ಅವ್ವ ಇಂಥಾಕಿ, ಅವ್ವನ ತವರಿನ ಅಡ್ಡಹೆಸರು ಇಂಥಾದ್ದು, 1841ರ ಇಲ್ಲಾ 1851ರ ಗಣತ್ಯಾಗ ನೋಡಿ ವಯಸ್ಸು ಹೇಳ್ರಿ ಅಂತ. ಗುಮಾಸ್ತ ಹುಡುಕಿ, ಸಿಕ್ರ ಅಲ್ಲಿದ್ದ ವಯಸ್ಸು ಬರೀತಿದ್ದ, ಒಮ್ಮೊಮ್ಮೆ ಇಡೀ ಮನಿಮಂದಿಯ ಹೆಸರನ ಇಳಿಸಿಕೋತಿದ್ದ. ಸಿಗಲಿಲ್ಲಂದ್ರ ಸಿಗಲಿಲ್ಲ ಅಂತ ಬರೀತಿದ್ದ. ಮೂಲ ಗಣತಿ 1922ರಾಗ ಸುಡ್ತು, ಈ ಅರ್ಜಿ ಮಾತ್ರ ಉಳದ್ವು. ಈಗ ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದವರು ಪುಕ್ಕಟನ ನೋಡಾಕ ಇಟ್ಟಾರ.

ಇದರ ಬೆಲಿ ಹೆಂಗಸರಿಗೆ ಲಗೂ ತಿಳೀತದ. ಮದಿವಿ ಆದ ಮ್ಯಾಲೆ ಹೆಣ್ಣಮಗಳ ಅಡ್ಡಹೆಸರು ಬದಲಾಗತದ, ಕಾಗದದಾಗ ಅಕಿ ತವರಿಗೆ ಹೋಗೋ ಹಾದಿ ಅಳಿಸಿ ಹೋಗತದ. ಈ ಅರ್ಜ್ಯಾಗ ಗಂಡನ ಮನಿ ಹೆಸರೂ ಅದ, ಅಪ್ಪನ ಹೆಸರೂ ಅದ, ಅವ್ವನ ತವರ ಹೆಸರೂ ಅದ. ಮೂರು ಮನಿ ಒಂದ ಹಾಳ್ಯಾಗ. ವಾರಕ್ಕ 5 ಶಿಲಿಂಗ್ ಸಲುವಾಗಿ ಕಚೇರಿಗೆ ಅಡ್ಡಾಡಿದ ಮುದುಕಿ, ತನಗ ಗೊತ್ತಿಲ್ಲದ, ಸತ್ತುಹೋದ ತನ್ನ ಅಣ್ಣತಮ್ಮಂದಿರ ಹೆಸರೂ ಉಳಿಸಿ ಹೋದಳು.

ಇನ್ನೊಂದು ಮಜಾ ಕೇಳ್ರಿ. ಸರಕಾರದ ಮನ್ನಣಿ ಇದ್ದ ಪ್ರಾಟೆಸ್ಟಂಟ್ ಚರ್ಚ್ ಆಫ್ ಐರ್ಲೆಂಡಿನ ಜ್ಞಾನಸ್ನಾನ, ಮದಿವಿ, ಮಣ್ಣಿನ ಪುಸ್ತಕ ಸರಕಾರಿ ಆಸ್ತಿ ಅಂತ ಭಾಳಷ್ಟು ಡಬ್ಲಿನ್ನಿಗೆ ತರಿಸಿದ್ರು. ಅವು ಸುಟ್ವು. ನಮ್ಮ ಚರ್ಚಿನಾಗನ ಭದ್ರ ಇಟಗೋತೇವಿ ಅಂದ ಊರಿನವು ಉಳದ್ವು. ಕಥೋಲಿಕರ ಪುಸ್ತಕ ಯಾರೂ ಕೇಳಿರಲಿಲ್ಲ, ಅವು ಹಳ್ಳಿ ಚರ್ಚಿನ ಕಪಾಟಿನಾಗನ ಇದ್ವು, ಹಿಂಗಾಗಿ ಬದುಕಿದ್ವು. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದವರು ಅವನ್ನ ಫಿಲ್ಮ್ ಮಾಡಿಸಿ, 2015ರಾಗ ಮಂದಿಗೆಲ್ಲಾ ಪುಕ್ಕಟ ನೋಡಾಕ ಬಿಟ್ರು. ಭಾಳಷ್ಟು ಲ್ಯಾಟಿನ್ ಭಾಷಾದಾಗ ಅವ. ಬ್ರಿಜೆಟ್ ಅಲ್ಲಿ ಬ್ರಿಗಿಡಾ ಆಗತಾಳ, ಜೇಮ್ಸ್ ಯಾಕೋಬುಸ್ ಆಗತಾನ. ಕೂಸಿನ ಹೆಸರಿನ ಜೋಡಿ ಅವ್ವನ ತವರ ಹೆಸರು ಬರಿಯೋ ರೂಢಿ ಇತ್ತು. ಜ್ಞಾನಸ್ನಾನಕ್ಕ ಜಾಮೀನು ನಿಂತವರ ಹೆಸರೂ ಬರೀತಿದ್ರು, ಅವರು ಹೆಚ್ಚಾಗಿ ಮಾವಶಿ, ಕಾಕಾ, ಸ್ವಾದರಮಾವನ ಇರತಿದ್ರು. ಹಿಂಗಾಗಿ ಒಂದ ಸಾಲಿನಾಗ ಎರಡೂ ಕಡೆಯ ಬಳಗ ಸಿಗತದ.

ಇನ್ನ 1901, 1911ರ ಗಣತಿ. ಇವಂತೂ ಮನಿಯೊಳಗ ಕರಕೊಂಡು ಹೋಗತಾವ. ಮನಿಗೆ ಹುಲ್ಲಿನ ಛಪ್ಪರೋ ಹಂಚೋ, ಮುಂದಿನ ಗ್ವಾಡಿಗೆ ಕಿಡಕಿ ಎಷ್ಟು, ದನದ ಕೊಟ್ಟಿಗಿ ಅದನೋ ಇಲ್ಲೋ, ಯಾರಿಗೆ ಓದಾಕ ಬರತದ, ಯಾರಿಗೆ ಐರಿಶ್ ಮಾತಾಡಾಕ ಬರತದ, ಎಲ್ಲಾ ಅದ. ಬರಿಯಾಕ ಬಾರದ ಯಜಮಾನ ಅಡ್ಡಗೀಟು ಹಾಕ್ಯಾನ. 1911ರಾಗ ಮಾತ್ರ ಒಂದು ಹೊಸಾ ಪ್ರಶ್ನಿ ಸೇರಸಿದ್ರು, ಮದಿವಿ ಆದ ಹೆಣ್ಣಮಕ್ಕಳಿಗೆ: ಮದಿವಿ ಆಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಈಗ ಇರವರೆಷ್ಟು. ಎರಡ ಅಂಕಿ. ಆ ಎರಡರ ನಡುವಿನ ವ್ಯತ್ಯಾಸದಾಗ ಒಬ್ಬಾಕಿ ತಾಯಿಯ ಎಷ್ಟು ದುಃಖ ಅದ ಅಂತ ಬಿಡಿಸಿ ಹೇಳಬೇಕೇನು?

ಹೆಸರು ಸಿಕ್ಕರ ಮುಗೀತು ಅಂತಲ್ಲ. ಅಜ್ಜನ ಹೆಸರು ಮೊಮ್ಮಗಗ, ಅಜ್ಜಿ ಹೆಸರು ಮೊಮ್ಮಗಳಿಗೆ ಇಡೋ ಪದ್ಧತಿ ನಮ್ಮಂಗ ಅವರಲ್ಲೂ ಇತ್ತು. ಒಂದ ಊರಾಗ ಹತ್ತು ಮೇರಿ, ಹತ್ತು ಆನಿ. ಇದರಿಂದ ಆದ ಗೋಂದಲಕ್ಕ ಆನಿ ಮೂರ್ ಕಥಿ ಸಾಕು. 1892ರ ಜನವರಿ 1ಕ್ಕ ಅಮೆರಿಕಾದ ಎಲಿಸ್ ದ್ವೀಪದ ವಲಸಿಗರ ಠಾಣ್ಯಾ ಮೊದಲನೇ ಸಲ ತೆರದಾಗ, ಎಲ್ಲಾರಕಿಂತಾ ಮುಂದ ಒಳಗ ಹೋದಾಕಿ ಕಾರ್ಕ್ ಸೀಮಿಯ ಹುಡಗಿ ಆನಿ. ಇಬ್ಬರು ತಮ್ಮಂದಿರನ ಜೋಡಿ ಕರಕೊಂಡು ಬಂದಿದ್ದಳು. ಅಕಿಗೆ ಹತ್ತು ಡಾಲರಿನ ಬಂಗಾರದ ನಾಣ್ಯ ಕೊಟ್ರು. ಮುಂದ ಅಕಿ ಟೆಕ್ಸಾಸಿಗೆ ಹೋಗಿ ಸಂಸಾರ ಮಾಡಿದಳು ಅಂತ ಎಷ್ಟೋ ವರ್ಷ ಎಲ್ಲಾರೂ ನಂಬಿದ್ರು. 2006ರಾಗ ವಂಶಾವಳಿ ಹುಡುಕೋ ಮೆಗನ್ ಸ್ಮೊಲೆನ್ಯಾಕ್ ಅನ್ನೋ ಹೆಣ್ಣಮಗಳು ಕಾಗದ ತಗದು ನೋಡಿದ್ರ, ಆ ಟೆಕ್ಸಾಸಿನ ಆನಿ ಹುಟ್ಟಿದ್ದೇ ಅಮೆರಿಕಾದಾಗ! ಖರೇ ಆನಿ ನ್ಯೂಯಾರ್ಕಿನ ಬಡವರ ಓಣ್ಯಾಗ ಇದ್ದು, ಹನ್ನೊಂದು ಮಕ್ಕಳನ್ನ ಹಡದು, ಐದು ಮಂದೀನ ದೊಡ್ಡವರನ್ನ ಮಾಡಿ, 1924ರಾಗ ತೀರಿಕೊಂಡಿದ್ದಳು. ಗೋರಿಗೆ ಕಲ್ಲ ಸೈತ ಇರಲಿಲ್ಲ. 2008ರಾಗ ಹೆಸರು ಕೆತ್ತಿಸಿ ಕಲ್ಲ ನಿಲ್ಲಿಸಿದ್ರು.

ನಮ್ಮ ನಾಡಿನಾಗೂ ಅವರ ಕುರುಹು ಅದ. ಕಂಪನಿ ಕಾಲದಿಂದ ಎಷ್ಟೋ ಐರಿಶ್ ಸಿಪಾಯಿಗಳು ಇಲ್ಲಿ ದಂಡಿನಾಗ ಇದ್ರು. ಬೆಂಗಳೂರು, ಬಳ್ಳಾರಿ, ಬೆಳಗಾವಿ ದಂಡಿನ ಚರ್ಚಿನಾಗ ಆದ ಮದಿವಿ, ಜ್ಞಾನಸ್ನಾನ, ಮಣ್ಣಿನ ಲೆಕ್ಕದ ಪ್ರತಿ ಮದ್ರಾಸು, ಮುಂಬೈ ಮುಖಾಂತರ ಲಂಡನ್ನಿಗೆ ಹೋಗತಿತ್ತು. ಈಗ ಅವು ಬ್ರಿಟಿಷ್ ಲೈಬ್ರರ್ಯಾಗ ಅವ. ಐರ್ಲೆಂಡಿನಾಗ ಸಿಗದ ಮುತ್ತಜ್ಜ ಬಳ್ಳಾರಿ ಲೆಕ್ಕದಾಗ ಸಿಗಬಹುದು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರು ಹಿಂಗ ಬ್ಯಾರೆ ಬ್ಯಾರೆ ಊರಾಗ ಉಳದ ಪ್ರತಿ ಹುಡುಕಿ ಕೂಡಿಸಿ, ಬೆಂಕಿಗೆ ನೂರು ವರ್ಷ ತುಂಬಿದಾಗ, 2022ರ ಜೂನ್‌ದಾಗ, ಸುಟ್ಟ ದಫ್ತರಖಾನೀನ ಕಂಪ್ಯೂಟರಿನಾಗ ಮತ್ತ ಕಟ್ಟಿ ಮಂದಿಗೆ ತೆರದಿಟ್ರು.

ಇಷ್ಟೆಲ್ಲಾ ನೋಡಿದ ಮ್ಯಾಲೆ ಒಂದು ಮಾತು ತಿಳೀತದ: ಒಂದ ಕಡೆ ಭದ್ರ ಇಟ್ಟದ್ದು ಒಂದ ದಿನಕ್ಕ ಹೋತು, ಹತ್ತು ಕಡೆ ಬರದಿಟ್ಟದ್ದು ಉಳೀತು. ವೈನಿ, ಅಕ್ಕಾ, ಮಾವಶಿ, ನೀವೂ ಒಂದು ಹಾಳಿ ತಗೋರಿ. ಪೆನ್ಶನ್ ಅರ್ಜ್ಯಾಗ ಇದ್ದ ಪ್ರಶ್ನಿನ ಸಾಕು: ನಿಮ್ಮ ಹೆಸರು, ಅಪ್ಪನ ಹೆಸರು, ಅವ್ವನ ಹೆಸರು, ಅವ್ವನ ತವರಿನ ಅಡ್ಡಹೆಸರು, ಸಣ್ಣಾಕಿ ಇದ್ದಾಗ ಇದ್ದ ಊರು. ಹೋದ ಮಕ್ಕಳ ಹೆಸರೂ ಬರೀರಿ, ಇಟ್ಟಿದ್ದರ. ಬರದು ಒಂದು ಪ್ರತಿ ಮಗಳಿಗೆ, ಒಂದು ಪ್ರತಿ ಸೊಸಿಗೆ ಕೊಡ್ರಿ. ಅವ್ವನ ತವರ ಹೆಸರು ನೆನಪಾಗಲಿಲ್ಲಂದ್ರ, ಗೊತ್ತಿದ್ದ ಹಿರ್ಯಾರು ಇನ್ನೂ ಇರೂದ್ರಾಗ ಇವತ್ತ ಫೋನ್ ಹಚ್ಚಿ ಕೇಳ್ರಿ.