ಜೀಪಿನ ಬಾಯಾರಿಕೆ

ಚಾರ್ಮಾಡಿ ಘಾಟಿ ಹತ್ತುವಾಗ ರಸ್ತೆಯ ಅಂಚಿಗೆ ಬಾನೆಟ್ ತೆರೆದು ನಿಂತ ಹಳೆಯ ಡೀಸೆಲ್ ಜೀಪನ್ನು ನೀವೂ ನೋಡಿರಬಹುದು. ಝರಿಯ ನೀರನ್ನು ಕ್ಯಾನಿನಲ್ಲಿ ಹಿಡಿದು ತಂದ ಚಾಲಕ, ರೇಡಿಯೇಟರು ತಣಿಯಲೆಂದು ಕಾಯುತ್ತಾ ಕುಳಿತಿರುತ್ತಾನೆ. "ಕೂಲೆಂಟ್ ಹಾಕುವುದಿಲ್ಲವೇ?" ಎಂದು ಕೇಳಿ ನೋಡಿ. "ಅದೆಲ್ಲ ಹಿಮ ಬೀಳೋ ದೇಶಕ್ಕೆ ಸಾರ್. ನಮ್ಮಪ್ಪ ಹಳ್ಳದ ನೀರಲ್ಲೇ ಜೀಪು ಓಡಿಸಿದ್ರು" ಎಂಬ ಉತ್ತರ ಬರುತ್ತದೆ.

ಆತನ ಮಾತು ಸುಳ್ಳಲ್ಲ. ಆದರೆ ಅಪ್ಪ ಓಡಿಸಿದ ಜೀಪು ಬೇರೆ, ಮಗ ಓಡಿಸುತ್ತಿರುವ ಜೀಪು ಬೇರೆ. ಹಳೆಯ ಡೀಸೆಲ್ ಜೀಪಿಗೆ ಯಾವ ದ್ರವ ಹುಯ್ಯಬೇಕು, ಹಸಿರೋ ಕೆಂಪೋ ಎಂಬ ಪ್ರಶ್ನೆಗೆ ದೂರದರ್ಶನದ ಮಾತುಕತೆಯಲ್ಲಾದರೆ ಒಂದೇ ವಾಕ್ಯದ ಉತ್ತರ ಕೊಟ್ಟು ಮುಂದೆ ಸಾಗಬೇಕಾಗುತ್ತದೆ. ಇಲ್ಲಿ ಅದರ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಬಂಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುವುದರಿಂದಲೇ ಎಂಜಿನ್ ತಣಿಯುತ್ತಿತ್ತು. 1888ರಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಅದೇ ಮಾದರಿಯ ಬಂಡಿಯಲ್ಲಿ ದೂರ ಪ್ರಯಾಣ ಹೊರಟಾಗ, ನಮ್ಮ ಜೀಪಿನ ಚಾಲಕನಂತೆಯೇ ದಾರಿಯುದ್ದಕ್ಕೂ ನೀರು ತುಂಬಿಸಿಕೊಳ್ಳಬೇಕಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಲ್‌ಹೆಲ್ಮ್ ಮೈಬಾಕ್ ಜೇನುಗೂಡಿನಂತಹ ರೇಡಿಯೇಟರನ್ನು ಮರ್ಸಿಡಿಸ್ ಕಾರಿಗೆ ಅಳವಡಿಸಿದ ಮೇಲೆ, ಅದೇ ನೀರು ಮತ್ತೆ ಮತ್ತೆ ಸುತ್ತಿ ಬರುವುದು ಸಲೀಸಾಯಿತು.

ಆಗ ಚಳಿಗಾಲ ಅಡ್ಡ ಬಂತು. ನೀರು ಮಂಜುಗಡ್ಡೆಯಾದಾಗ ಸುಮಾರು ನೂರಕ್ಕೆ 9 ಪಾಲು ಹಿಗ್ಗುತ್ತದೆ. ಎರಕದ ಕಬ್ಬಿಣದ ಎಂಜಿನ್ ಬ್ಲಾಕನ್ನೂ ಸೀಳಿಬಿಡುತ್ತದೆ. ಯುರೋಪು, ಅಮೆರಿಕಗಳ ಜನ ನೀರಿಗೆ ಮದ್ಯಸಾರ, ಗ್ಲಿಸರಿನ್, ಕ್ಯಾಲ್ಸಿಯಂ ಕ್ಲೋರೈಡ್ ಹೀಗೆ ಸಿಕ್ಕಿದ್ದನ್ನೆಲ್ಲ ಬೆರೆಸಿ ನೋಡಿದರು. ಮದ್ಯಸಾರ ಬಿಸಿಗೆ ಆರಿಹೋಗುತ್ತಿತ್ತು, ಉಪ್ಪು ಲೋಹವನ್ನು ತಿನ್ನುತ್ತಿತ್ತು. ಕೊನೆಗೆ ನೆರವಿಗೆ ಬಂದದ್ದು ಎಥಿಲೀನ್ ಗ್ಲೈಕಾಲ್. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವುರ್ಟ್ಸ್ 1850ರ ದಶಕದಲ್ಲೇ ತಯಾರಿಸಿದ್ದ ಈ ದ್ರವ, 1920ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಅಂಗಡಿಗಳಲ್ಲಿ ಡಬ್ಬಿಗಳಲ್ಲಿ ದೊರೆಯತೊಡಗಿತು. ಅದಕ್ಕೆ ಅಂಟಿಕೊಂಡ ಹೆಸರು 'ಆಂಟಿಫ್ರೀಜ್', ಅಂದರೆ ಹೆಪ್ಪುಗಟ್ಟದಂತೆ ತಡೆಯುವುದು. ನಮ್ಮ ಚಾಲಕನನ್ನು ದಾರಿ ತಪ್ಪಿಸಿದ್ದು ಈ ಹೆಸರೇ.

ಏಕೆಂದರೆ ಗ್ಲೈಕಾಲಿಗೆ ಇನ್ನೊಂದು ಗುಣವಿದೆ. ಅದು ಸುಮಾರು 197 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ. ಇದನ್ನು ಮೊದಲು ಚೆನ್ನಾಗಿ ಬಳಸಿಕೊಂಡವರು ವಿಮಾನದ ಎಂಜಿನಿಯರುಗಳು. ಸ್ಪಿಟ್‌ಫೈರ್ ವಿಮಾನದ ಮೊದಮೊದಲ ಮರ್ಲಿನ್ ಎಂಜಿನ್ನುಗಳಲ್ಲಿ ಶುದ್ಧ ಗ್ಲೈಕಾಲನ್ನೇ ತುಂಬುತ್ತಿದ್ದರು. ಆದರೆ ಶಾಖ ಹೊರುವುದರಲ್ಲಿ ಅದು ನೀರಿಗೆ ಸಮನಲ್ಲ. ಸೋರಿದರೆ ಬೆಂಕಿಯ ಭಯ ಬೇರೆ. ಮುಂದಿನ ಮರ್ಲಿನ್‌ಗಳಲ್ಲಿ 70 ಪಾಲು ನೀರಿಗೆ 30 ಪಾಲು ಗ್ಲೈಕಾಲ್ ಬೆರೆಸಿ, ಒತ್ತಡದಲ್ಲಿಟ್ಟು ಓಡಿಸಿದರು. ಶಾಖ ಹೊರಲು ನೀರು, ಕುದಿಯದಂತೆ ಕಾಯಲು ಗ್ಲೈಕಾಲ್ ಮತ್ತು ಒತ್ತಡ ಎಂಬ ಆ ಪಾಠವೇ ಇಂದಿಗೂ ನಿಮ್ಮ ಜೀಪಿನಲ್ಲಿ ನಡೆಯುತ್ತಿದೆ. ರೇಡಿಯೇಟರ್ ಮುಚ್ಚಳದ ಒತ್ತಡ ಪ್ರತಿ ಚದರ ಅಂಗುಲಕ್ಕೆ ಒಂದು ಪೌಂಡ್ ಹೆಚ್ಚಿದರೆ ಕುದಿಬಿಂದು ಸುಮಾರು ಒಂದೂವರೆ ಡಿಗ್ರಿ ಏರುತ್ತದೆ. ಸಡಿಲವಾದ ಹಳೆಯ ಮುಚ್ಚಳವಿಟ್ಟುಕೊಂಡು ಘಾಟಿ ಹತ್ತಿದರೆ ಆ ಲಾಭವೆಲ್ಲ ಹೋಯಿತು. ಮೇಲೆ ಹೋದಂತೆ ಗಾಳಿಯ ಒತ್ತಡವೂ ಇಳಿದು, ಪ್ರತಿ 300 ಮೀಟರಿಗೆ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ತಗ್ಗುತ್ತದೆ.

ಇನ್ನು ಜೀಪಿನ ವಿಷಯಕ್ಕೆ ಬರೋಣ. ಮಹೀಂದ್ರ ಸಂಸ್ಥೆ 1947ರಲ್ಲಿ ನಮ್ಮ ದೇಶದಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭಿಸಿತು. ಆ ಪೆಟ್ರೋಲ್ ಎಂಜಿನ್ನಿನಲ್ಲಿ ಸಿಲಿಂಡರುಗಳನ್ನು ದಪ್ಪನೆಯ ಎರಕದ ಬ್ಲಾಕಿನಲ್ಲೇ ಕೊರೆದಿರುತ್ತಿದ್ದರು. ಹಳ್ಳದ ನೀರು ಒಳಗೆ ತುಕ್ಕು ಹಿಡಿಸಿದರೂ ಎಂಜಿನ್ ಸಹಿಸಿಕೊಳ್ಳುತ್ತಿತ್ತು. 1980ರ ದಶಕದಲ್ಲಿ ಪ್ಯೂಜೋ ಪರವಾನಗಿಯ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ ಬಂತು. ನಾಲ್ಕು ಸಿಲಿಂಡರು, 90 ಮಿಲಿಮೀಟರ್ ವ್ಯಾಸ. ಹೆಸರಿನ ಅರ್ಥ ಅಷ್ಟೇ. ಇದರಲ್ಲಿ ಸಿಲಿಂಡರಿನ ಗೋಡೆ ಎಂದರೆ ಬೇರೆಯಾಗಿ ಕೂರಿಸಿದ ಒಂದು ಕೊಳವೆ, ಅದೇ ಲೈನರ್. ಅದರ ಹೊರಮೈ ನೇರವಾಗಿ ನೀರಿನಲ್ಲೇ ಮುಳುಗಿರುತ್ತದೆ. ಮೆಕ್ಯಾನಿಕರು ಇದನ್ನು 'ವೆಟ್ ಲೈನರ್' ಎನ್ನುತ್ತಾರೆ.

ಡೀಸೆಲ್ ಉರಿದಾಗಲೆಲ್ಲ ಪಿಸ್ಟನ್ ಪಕ್ಕಕ್ಕೆ ವಾಲಿ ಲೈನರಿಗೆ ಬಡಿಯುತ್ತದೆ. ಲೈನರ್ ಗಂಟೆಯಂತೆ ಅದುರಿ, ಅದರ ಹೊರಮೈಯ ಬಳಿ ಸಣ್ಣ ಸಣ್ಣ ಆವಿಯ ಗುಳ್ಳೆಗಳು ಹುಟ್ಟಿ ಮರುಕ್ಷಣವೇ ಕುಸಿಯುತ್ತವೆ. ಗುಳ್ಳೆ ಒಡೆದರೆ ಏನಾದೀತು ಎನ್ನಬೇಡಿ. ವೇಗದ ಹಡಗುಗಳ ಪ್ರೊಪೆಲ್ಲರುಗಳನ್ನು ಕಾಡಿದ್ದೂ ಇದೇ ಗುಳ್ಳೆ. ಹೀಗೆ ಕುಸಿಯುವ ಗುಳ್ಳೆಯ ಬಳಿ ಎಂಥ ಪ್ರಚಂಡ ಒತ್ತಡ ಉಂಟಾಗುತ್ತದೆ ಎಂದು ಲಾರ್ಡ್ ರೇಲೀ 1917ರಲ್ಲೇ ಲೆಕ್ಕ ಹಾಕಿ ತೋರಿಸಿದ. ಈ ಏಟು ಒಂದೇ ಜಾಗಕ್ಕೆ ಬೀಳುತ್ತಿದ್ದರೆ ಲೈನರಿನಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ನೀರು ಆಯಿಲಿಗೆ ಸೇರುತ್ತದೆ. ಬಾಡಿಗೆ ಓಡಿಸಿ ಸಂಸಾರ ತೂಗಿಸುವವನಿಗೆ ಅದರೊಂದಿಗೆ ತಿಂಗಳ ದುಡಿಮೆಯೂ ನಿಂತು ಎಂಜಿನ್ ಬಿಚ್ಚುವ ಖರ್ಚು ತಲೆಯ ಮೇಲೆ ಬೀಳುತ್ತದೆ.

ಇದನ್ನು ತಡೆಯುವುದು ಗ್ಲೈಕಾಲ್ ಒಂದರಿಂದಲೇ ಆಗದು. ಅದರೊಂದಿಗೆ ಬೆರೆಸಿದ ರಕ್ಷಕ ಲವಣಗಳು ಬೇಕು. ಗ್ಲೈಕಾಲ್ ಕಾಲಕ್ರಮದಲ್ಲಿ ಹಳಸಿ ಆಮ್ಲವಾಗುತ್ತದೆ. ಈ ಲವಣಗಳು ಆಮ್ಲವನ್ನು ತಣಿಸುತ್ತವೆ, ಲೋಹಕ್ಕೆ ತೆಳುವಾದ ಹೊದಿಕೆ ಕಟ್ಟುತ್ತವೆ. ಯುರೋಪಿನವರು ಗಡಸು ನೀರಿಗೆ ಹೆದರಿ ಫಾಸ್ಫೇಟ್ ಬಿಟ್ಟು ಸಿಲಿಕೇಟನ್ನು ನೆಚ್ಚಿಕೊಂಡರು. ಜಪಾನಿನವರು ನೀರಿನ ಪಂಪಿನ ಸೀಲು ಸವೆಯುತ್ತದೆಂದು ಸಿಲಿಕೇಟ್ ಬಿಟ್ಟು ಫಾಸ್ಫೇಟ್ ಹಿಡಿದರು. 1990ರ ದಶಕದಲ್ಲಿ ಸಾವಯವ ಆಮ್ಲಗಳ ದೀರ್ಘಬಾಳಿಕೆಯ ದ್ರವಗಳು ಬಂದವು. ಭಾರಿ ಡೀಸೆಲ್ ಎಂಜಿನ್ನುಗಳಿಗೆ ಮಾತ್ರ ನೈಟ್ರೈಟ್ ಬೆರೆಸುವ ಪದ್ಧತಿ ಬೆಳೆಯಿತು. ಲೈನರಿನ ಮೇಲೆ ಗಟ್ಟಿ ಪೊರೆ ಕಟ್ಟಿ ಗುಳ್ಳೆಯ ಏಟನ್ನು ತಾಳುವಂತೆ ಮಾಡುವುದು ಅದರ ಕೆಲಸ. ಹಸಿರು, ಕೆಂಪು, ನೀಲಿ ಎಲ್ಲವೂ ತಯಾರಕರು ಬೆರೆಸುವ ಬಣ್ಣ ಮಾತ್ರ. ಒಳಗೇನಿದೆ ಎಂದು ಅದು ಹೇಳುವುದಿಲ್ಲ.

ಹಾಗಾದರೆ ನೀವು ಮಾಡಬೇಕಾದದ್ದೇನು? ಡಬ್ಬಿಯ ಬಣ್ಣ ಬಿಟ್ಟು ಬರಹ ಓದಿ. ಐಎಸ್ 5759 ಎಂಬ ಭಾರತೀಯ ಮಾನಕ ಇದ್ದರೆ ಒಳ್ಳೆಯದು. ವೆಟ್ ಲೈನರ್ ಡೀಸೆಲ್‌ಗೆ ಎಎಸ್‌ಟಿಎಂ ಡಿ 6210 ಎಂದು ನಮೂದಿಸಿದ ಹೆವಿ ಡ್ಯೂಟಿ ದ್ರವ ಇನ್ನೂ ಲೇಸು. ಕಾರಿಗೆಂದೇ ತಯಾರಾದವುಗಳಲ್ಲಿ ಲೈನರಿನ ರಕ್ಷಣೆ ಇದ್ದೇ ಇರುತ್ತದೆಂಬ ಖಾತ್ರಿಯಿಲ್ಲ. ಹಳೆಯ ತಾಮ್ರ-ಹಿತ್ತಾಳೆ ರೇಡಿಯೇಟರಿನ ಸೀಸದ ಬೆಸುಗೆಗೆ ಎಲ್ಲ ಸಾವಯವ ಆಮ್ಲದ ದ್ರವಗಳೂ ಒಗ್ಗವು; ವಿಚಾರಿಸಿ ಕೊಳ್ಳಿ. ಮೂರರಲ್ಲಿ ಒಂದು ಪಾಲಿಗಿಂತ ತೆಳುವಾಗಿಸಬೇಡಿ, ಅರ್ಧಕ್ಕರ್ಧ ಬೆರೆಸಿದರೆ ಚಿಂತೆಯಿಲ್ಲ. ಕೋಲಾರ, ಚಿತ್ರದುರ್ಗದ ಕಡೆಯ ಕೊಳವೆಬಾವಿಯ ಗಡಸು ನೀರು ಬೇಡವೇ ಬೇಡ. ಬ್ಯಾಟರಿಗೆ ಹಾಕುವ ಶುದ್ಧೀಕರಿಸಿದ ನೀರು ಸಾಕು. ಎರಡು ಜಾತಿಯ ದ್ರವಗಳನ್ನು ಬೆರೆಸದೆ, ಹಳೆಯದನ್ನು ಪೂರ್ತಿ ಬಸಿದು ತೊಳೆದು ಹೊಸದನ್ನು ತುಂಬಿ.

ಬಸಿದ ದ್ರವವನ್ನು ಅಂಗಳದಲ್ಲಿ ಮಾತ್ರ ಬಿಡಬೇಡಿ. ಗ್ಲೈಕಾಲ್ ಸಿಹಿ. ಸಾಕುನಾಯಿ ನೆಕ್ಕೀತು, ಮಗು ಬಾಯಿಗಿಟ್ಟೀತು. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ, ಹರಳುಗಟ್ಟಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ, ಪ್ರಾಣಕ್ಕೇ ಸಂಚಕಾರ.

ಮುಂದಿನ ಸಲ ಘಾಟಿಯಲ್ಲಿ ಆ ಚಾಲಕ ಸಿಕ್ಕರೆ ಈ ಕಥೆ ಹೇಳಿ. ಅಪ್ಪನ ಜೀಪಿಗೆ ನೀರೇ ಸಾಕಾಗಿತ್ತು ಎಂಬುದನ್ನು ಒಪ್ಪಿಕೊಂಡೇ ಹೇಳಿ. ಹಿಮ ಬೀಳದ ಊರಿನಲ್ಲೂ ಗುಳ್ಳೆ ಒಡೆಯುತ್ತದೆ, ತುಕ್ಕು ಹಿಡಿಯುತ್ತದೆ ಎಂದು ತಿಳಿದರೆ, ಆತ ಆ ಕ್ಯಾನಿನಲ್ಲಿ ಹಳ್ಳದ ನೀರಿನ ಬದಲು ಬೆರೆಸಿಟ್ಟ ಕೂಲೆಂಟನ್ನೇ ಒಯ್ದಾನು.