ರೋಗಕ್ಕೊಂದು ಹೆಸರು, ರೋಗಿಗೂ ಒಂದು ಹೆಸರು

ಕುಷ್ಠರೋಗಕ್ಕೆ ಕಾರಣವಾದ ರೋಗಾಣುವನ್ನು ನಾರ್ವೆಯ ವೈದ್ಯ ಹ್ಯಾನ್ಸೆನ್ 1873ರಲ್ಲಿ ಕಂಡುಹಿಡಿದರು. ಅದು ಪಾಪದ ಫಲವಲ್ಲ, ಮನೆತನದ ಶಾಪವೂ ಅಲ್ಲ, ಒಂದು ಸೋಂಕು ಎಂಬುದಕ್ಕೆ ಆಧಾರ ಸಿಕ್ಕಿತು. ಆದರೂ ರೋಗ ತಗುಲಿದವನಿಗೆ ತನ್ನ ಹೆಸರು ಮರಳಿ ಸಿಗಲಿಲ್ಲ. ಕನ್ನಡದಲ್ಲಿ ಅವನು 'ಮಹಾರೋಗಿ'ಯಾಗಿಯೇ ಉಳಿದ, ಉರ್ದುವಿನಲ್ಲಿ 'ಕೋಢಿ'ಯಾಗಿ. ಬ್ರಿಟಿಷ್ ಸರಕಾರ 1898ರಲ್ಲಿ ತಂದ ಕಾಯಿದೆಯ ಹೆಸರೇ 'ಲೆಪರ್ಸ್ ಆ್ಯಕ್ಟ್'. ಬೀದಿಯಲ್ಲಿ ಬೇಡುವ ಬಡ ರೋಗಿಯನ್ನು ವಾರಂಟ್ ಇಲ್ಲದೆ ಹಿಡಿಯುವ ಅಧಿಕಾರವನ್ನು ಅದು ಪೊಲೀಸರಿಗೆ ಕೊಟ್ಟಿತ್ತು. ಅದು ರದ್ದಾದದ್ದು 2016ರಲ್ಲಿ.

ಈ 'ಲೆಪರ್' ಪದದ ವಿರುದ್ಧ ಪಟ್ಟು ಹಿಡಿದು ಹೋರಾಡಿದವರು ರೋಗಿಗಳೇ. ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಆಸ್ಪತ್ರೆಗೆ ಸೇರಿದ ಅನೇಕರು ಕುಟುಂಬಕ್ಕೆ ಕಳಂಕ ತಟ್ಟದಿರಲೆಂದು ಹೆಸರು ಬದಲಿಸಿಕೊಳ್ಳುತ್ತಿದ್ದರು. ಟೆಕ್ಸಾಸಿನ ಫಾರ್ಮಸಿಸ್ಟ್ ಒಬ್ಬರು 'ಸ್ಟ್ಯಾನ್ಲಿ ಸ್ಟೈನ್' ಆದದ್ದು ಹೀಗೆಯೇ. 1931ರಲ್ಲಿ ಅವರು ಆಸ್ಪತ್ರೆಯೊಳಗೆ ಆರಂಭಿಸಿದ ಪತ್ರಿಕೆ ಮುಂದೆ 'ದಿ ಸ್ಟಾರ್' ಎಂದು ಹೆಸರಾಯಿತು. ದೃಷ್ಟಿ ಹೋದ ಮೇಲೂ ಅವರು ಅದನ್ನು ಕೈಬಿಡಲಿಲ್ಲ. 1948ರಲ್ಲಿ ಹವಾನಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮ್ಮೇಳನ ಆ ಪದವನ್ನು ಬಿಡಬೇಕೆಂದು ಶಿಫಾರಸು ಮಾಡಿತು.

ಮುಸ್ಲಿಮರಾದ ನಮಗೆ ಇದು ಹೊಸ ಪಾಠವೇನಲ್ಲ. ಅಡ್ಡಹೆಸರಿಟ್ಟು ಹೀಯಾಳಿಸುವುದನ್ನು ಸೂರಾ ಹುಜುರಾತ್‌ನ 11ನೆಯ ವಚನ ನಿಷೇಧಿಸಿದೆ. 705ರಿಂದ 715ರವರೆಗೆ ಆಳಿದ ಖಲೀಫ ವಲೀದ್, ಕುಷ್ಠರೋಗಿಗಳು ಜನರ ಮುಂದೆ ಕೈಚಾಚದಂತೆ ಅವರಿಗೆ ಬೊಕ್ಕಸದಿಂದ ನೆರವು ಗೊತ್ತುಮಾಡಿದನೆಂದು ಇತಿಹಾಸಕಾರ ತಬರಿ ಬರೆದಿದ್ದಾರೆ. ಕಣ್ಣಿಲ್ಲದವರನ್ನು 'ಹಾಫಿಜ್‌ಜಿ' ಎಂದು ಗೌರವದಿಂದ ಕರೆಯುವ ರೂಢಿ ಉರ್ದುವಿನಲ್ಲಿದೆ. ಕುಷ್ಠರೋಗ ಬಂದವರಿಗೆ ಮಾತ್ರ ಅಂಥದೊಂದು ಹೆಸರನ್ನು ನಾವು ಹುಡುಕಲಿಲ್ಲ.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಇಂದು ಆರರಿಂದ ಹನ್ನೆರಡು ತಿಂಗಳಲ್ಲಿ ರೋಗ ವಾಸಿಯಾಗುತ್ತದೆ. ಕಾನೂನಿನ ಪುಸ್ತಕ ವಾಸಿಯಾಗಲು ಇನ್ನೂ ದಶಕಗಳು ಬೇಕಾದವು. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯಿದೆಯಲ್ಲೂ 1955ರ ಹಿಂದೂ ವಿವಾಹ ಕಾಯಿದೆಯಲ್ಲೂ ಈ ರೋಗ ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. ಎರಡರಿಂದಲೂ ಆ ಮಾತನ್ನು ತೆಗೆದುಹಾಕಿದ್ದು 2019ರಲ್ಲಿ. ತಿರಸ್ಕಾರದ ವಿಷಯದಲ್ಲಿ ನಮ್ಮಲ್ಲಿ ಎಂಥ ಮತೈಕ್ಯ!

ತಪ್ಪು ಕಾನೂನಿನದು ಮಾತ್ರವಲ್ಲ. ಕತೆ ಬರೆಯುವ ನಾವೂ ಕೆಡುಕನ್ನು ಬಣ್ಣಿಸಬೇಕಾದಾಗಲೆಲ್ಲ 'ಸಮಾಜಕ್ಕೆ ಹತ್ತಿದ ಕುಷ್ಠ' ಎಂದು ಸಲೀಸಾಗಿ ಬರೆದಿದ್ದೇವೆ. ಆ ಸಾಲನ್ನು ಓದುವವರಲ್ಲಿ ಗುಣವಾಗಿ ಮನೆಗೆ ಮರಳಿದವರೊಬ್ಬರು ಇರಬಹುದೆಂದು ನಮಗೆ ಹೊಳೆಯಲಿಲ್ಲ.

ಕನ್ನಡದಲ್ಲಿ 'ನೀವು' ಇದೆ, ಉರ್ದುವಿನಲ್ಲಿ 'ಆಪ್' ಇದೆ. ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ತಲೆಯೆತ್ತಿ 'ಬನ್ನಿ, ನಿಮ್ಮ ಹೆಸರೇನು?' ಎಂದು ಕೇಳಲು ಸರಕಾರದ ಅನುದಾನವೇನೂ ಬೇಕಿಲ್ಲ. ಆದರೆ ಹೆಸರನ್ನೇ ಮನೆಯಲ್ಲಿ ಬಿಟ್ಟುಬಂದವರಿಗೆ ಆ ಒಂದು ಪ್ರಶ್ನೆಯಿಂದಲೇ ಚಿಕಿತ್ಸೆ ಶುರುವಾಗುತ್ತದೆ.