ಸೋತವರು ಕೊಟ್ಟ ತೀರ್ಪು

ಮುಂಬಯಿಯಲ್ಲಿ ನೆಲಸಿದ ನಮ್ಮವರಿಗೆ ‘ಜ್ಯೂರಿ’ ಎಂಬ ಮಾತು ಹೊಸದಲ್ಲ. 1959ರಲ್ಲಿ ಇಲ್ಲಿಯ ಸೆಷನ್ಸ್ ಕೋರ್ಟಿನಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿಯವರ ಮೇಲೆ ಕೊಲೆಯ ಮೊಕದ್ದಮೆ ನಡೆದಾಗ, ಜ್ಯೂರಿಯಲ್ಲಿ ಕುಳಿತ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಅವರು ನಿರ್ದೋಷಿಯೆಂದರು. ನ್ಯಾಯಾಧೀಶರು ಅದನ್ನೊಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಮುಂದೆ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಎಡೆಯೇ ಇಲ್ಲದಾಯಿತು. ಹಾಗೆ ನ್ಯಾಯಾಲಯದಿಂದ ಹೊರಬಿದ್ದ ಜ್ಯೂರಿ ಈಗ ಟೆಲಿವಿಷನ್ ಪೆಟ್ಟಿಗೆಯೊಳಗೆ ಬಂದು ಕುಳಿತಿದೆ.

ಮಕ್ಕಳ ಹಾಡಿನ ಸ್ಪರ್ಧೆಯಲ್ಲಿ ಸಂಗೀತ ಬಲ್ಲವರು ತೀರ್ಪುಗಾರರು. 2013ರಲ್ಲಿ ಕನ್ನಡದಲ್ಲಿ ಆರಂಭವಾದ ‘ಬಿಗ್ ಬಾಸ್’ನಲ್ಲಿ ನೋಡುಗರ ಮತವೇ ತೀರ್ಪು. ಇವೆರಡೂ ನಮಗೆ ಪರಿಚಯದವು. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದು ಅಮೆರಿಕದಲ್ಲಿ ಪ್ರಸಿದ್ಧಿಗೆ ಬಂದಿತು. ನನಗೆ ಕುತೂಹಲ ಹುಟ್ಟಿಸಿದ್ದು ಅದೇ.

ಕೋರ್ಟಿನ ಜ್ಯೂರಿಯಲ್ಲಿ ಆರೋಪಿಯ ಮಿತ್ರನಾಗಲಿ ಶತ್ರುವಾಗಲಿ ಕೂರುವಂತಿಲ್ಲ. ಅಮೆರಿಕದ ‘ಸರ್ವೈವರ್’ ಎಂಬ ಪಂದ್ಯದಲ್ಲಾದರೋ, ಯಾರನ್ನು ಮೋಸದಿಂದ ಹೊರದೂಡಿದಿರೋ ಅವರೇ ಕೊನೆಗೆ ನಿಮ್ಮ ಜ್ಯೂರಿ! ಇದರ ಮೂಲ ಕಲ್ಪನೆ ಇಂಗ್ಲೆಂಡಿನ ಚಾರ್ಲಿ ಪಾರ್ಸನ್ಸ್ ಎಂಬುವರದು; ಮೊದಲು ಪ್ರಯೋಗಕ್ಕೆ ಬಂದುದು 1997ರಲ್ಲಿ, ಸ್ವೀಡನ್ ದೇಶದಲ್ಲಿ. ಅಮೆರಿಕದಲ್ಲಿ ಪ್ರಸಾರವಾದುದು 2000ನೆಯ ಇಸವಿ ಮೇ 31ರಿಂದ.

ಬೋರ್ನಿಯೋ ತೀರದ ಪುಲಾವ್ ತಿಗಾ ಎಂಬ ದ್ವೀಪದಲ್ಲಿ 16 ಜನರನ್ನು ಎರಡು ಪಂಗಡ ಮಾಡಿ ಬಿಟ್ಟರು. 39 ದಿನಗಳ ವಾಸ. ಆಗಾಗ್ಗೆ ಸಭೆ ಸೇರಿ ತಮ್ಮಲ್ಲೊಬ್ಬರನ್ನು ಗುಪ್ತಮತದಿಂದ ಹೊರಹಾಕಬೇಕು. ಕೊನೆಗೆ ಇಬ್ಬರು ಉಳಿದಾಗ, ಅವರಿಗಿಂತ ಮುಂಚೆ ಹೊರಬಿದ್ದ ಏಳು ಮಂದಿ ಬಂದು ಕುಳಿತು, ಪ್ರಶ್ನೆ ಕೇಳಿ, ಒಬ್ಬರಿಗೆ ಹತ್ತು ಲಕ್ಷ ಡಾಲರು ಕೊಡಿಸಬೇಕು.

ಒಂದು ಪಂಗಡದವರು ಸಜ್ಜನರಂತೆ ತಮತಮಗೆ ತೋಚಿದಂತೆ ಮತ ಹಾಕುತ್ತಿದ್ದರು. ಇನ್ನೊಂದರಲ್ಲಿ ರಿಚರ್ಡ್ ಹ್ಯಾಚ್ ಎಂಬಾತ ಮೂವರನ್ನು ಕೂಡಿಸಿಕೊಂಡು ಗುಟ್ಟಾಗಿ ಒಂದು ಕೂಟ ಕಟ್ಟಿದ: ನೌಕಾಪಡೆಯಿಂದ ನಿವೃತ್ತರಾದ 72 ವರ್ಷದ ರೂಡಿ ಬೋಶ್, ಲಾರಿ ಓಡಿಸುತ್ತಿದ್ದ ಸೂ ಹಾಕ್, ಕೆಲ್ಲಿ ಎಂಬ ತರುಣಿ. ಪಂಗಡಗಳು ಒಂದಾದ ಮೇಲೆ ಎದುರಿನವರು ಒಬ್ಬೊಬ್ಬರಾಗಿ ಹೊರಬಿದ್ದರು. ಅದೇ ಪಂಗಡದ ಡಾಕ್ಟರೊಬ್ಬ ಯಾರ ಮನಸ್ಸನ್ನೂ ನೋಯಿಸಬಾರದೆಂದು ಹೆಸರಿನ ಅಕ್ಷರಾನುಕ್ರಮದಲ್ಲಿ ಮತ ಹಾಕುತ್ತ ಬಂದ. ಆ ಸಾಧುತನವೂ ಹ್ಯಾಚ್‌ನಿಗೇ ಅನುಕೂಲವಾಯಿತು.

ಹ್ಯಾಚ್‌ನ ಲೆಕ್ಕಾಚಾರ ನನ್ನಂಥ ಬ್ಯಾಂಕ್ ಗುಮಾಸ್ತನೂ ಮೆಚ್ಚತಕ್ಕದ್ದು. ಮೂವರು ಉಳಿದಾಗ ಒಂದು ಕಂಬವನ್ನು ಮುಟ್ಟಿಕೊಂಡು ನಿಲ್ಲುವ ಸ್ಪರ್ಧೆ. ಗೆದ್ದವರು ತಮ್ಮೆದುರಾಳಿಯನ್ನು ಆರಿಸಬಹುದು. ಹ್ಯಾಚ್ ಕೆಲವು ಹೊತ್ತಿನ ಮೇಲೆ ತಾನಾಗಿಯೇ ಇಳಿದುಬಿಟ್ಟ. ಏಕೆ? ತಾನು ಗೆದ್ದರೆ ಎಲ್ಲರಿಗೂ ಬೇಕಾದ ರೂಡಿಯವರನ್ನು ತಾನೇ ಹೊರದಬ್ಬಬೇಕಾಗುತ್ತಿತ್ತು. ಆಗ ಜ್ಯೂರಿಯಲ್ಲಿ ಅವರ ಮತ ಹೋಯಿತು. ಆ ಪಾಪ ಕೆಲ್ಲಿಯ ತಲೆಗೆ ಬರಲಿ! ಕೆಲ್ಲಿ ಗೆದ್ದಳು, ರೂಡಿಯವರನ್ನು ಹೊರಗೆ ಹಾಕಿದಳು.

ಕೊನೆಯ ಸಭೆಯಲ್ಲಿ ಸೂ ಹಾಕ್ ಪ್ರಶ್ನೆ ಕೇಳಲಿಲ್ಲ, ಶಾಪ ಹಾಕಿದಳು. ತನ್ನ ಸ್ನೇಹಕ್ಕೆ ಎರಡು ಬಗೆದ ಕೆಲ್ಲಿಯನ್ನು ಇಲಿಯೆಂದೂ ಹ್ಯಾಚ್‌ನನ್ನು ಹಾವೆಂದೂ ಕರೆದು, ಪ್ರಕೃತಿಯ ನಿಯಮದಂತೆ ಹಾವು ಇಲಿಯನ್ನು ನುಂಗಲಿ ಎಂದಳು. ಗ್ರೆಗ್ ಎಂಬ ಹುಡುಗನು ಒಂದರಿಂದ ಹತ್ತರೊಳಗೆ ಒಂದು ಸಂಖ್ಯೆ ಹೇಳಿರೆಂದ. ಕೆಲ್ಲಿ 3 ಎಂದಳು, ಹ್ಯಾಚ್ 7 ಎಂದ. ಗ್ರೆಗ್‌ನ ಮತ ಹ್ಯಾಚ್‌ಗೆ. ಎಣಿಸಿದಾಗ ಹ್ಯಾಚ್‌ಗೆ 4, ಕೆಲ್ಲಿಗೆ 3. ಎದುರು ಪಂಗಡದ ನಾಲ್ವರಲ್ಲಿ ಮೂವರು ಕೆಲ್ಲಿಯ ಕಡೆ ನಿಂತಿದ್ದರು. ಆ ಸಂಖ್ಯೆಯ ಹುಡುಗನೂ ಅತ್ತ ವಾಲಿದ್ದರೆ ಫಲಿತಾಂಶ ತಲೆಕೆಳಗಾಗುತ್ತಿತ್ತು. ಹತ್ತು ಲಕ್ಷ ಡಾಲರಿನ ನ್ಯಾಯ ಇಷ್ಟು ಹಗುರವಾದ ಎಳೆಯ ಮೇಲೆ ತೂಗಿತು. (ಗೆದ್ದ ಹ್ಯಾಚ್ ಆ ಹಣದ ಮೇಲೆ ತೆರಿಗೆ ಕಟ್ಟದೆ 2006ರಲ್ಲಿ 51 ತಿಂಗಳ ಸೆರೆವಾಸದ ಶಿಕ್ಷೆಗೆ ಗುರಿಯಾದ. ನಮ್ಮಲ್ಲಾಗಿದ್ದರೆ ಕೊಡುವ ಮೊದಲೇ ಮುರಿದುಕೊಳ್ಳುತ್ತಿದ್ದರು.)

ಚತುರನೇ ಗೆಲ್ಲುವನೆಂದು ಮುಂದೆ ಹಲವರು ನಂಬಿದರು. ಅದು ತಪ್ಪೆಂದು 2009ರಲ್ಲಿ ಸಮೋವಾ ದ್ವೀಪದ ಪಂದ್ಯ ತೋರಿಸಿತು. ರಸೆಲ್ ಹಾಂಟ್ಸ್ ಎಂಬಾತ ಸಂಗಡಿಗರ ಕುಡಿಯುವ ನೀರು ಚೆಲ್ಲಿದ, ಒಬ್ಬನ ಕಾಲುಚೀಲ ಸುಟ್ಟ, ಆಟವನ್ನೆಲ್ಲ ತಾನೇ ನಡೆಸಿದ. ಜ್ಯೂರಿ ನಟಾಲಿ ವೈಟ್ ಎಂಬ ಮೃದುಮಾತಿನವಳಿಗೆ 7 ಮತ ಕೊಟ್ಟು ಅವನಿಗೆ 2 ಕೊಟ್ಟಿತು. 2010ರಲ್ಲಿ ಪ್ರಸಾರವಾದ ಮುಂದಿನ ಪಂದ್ಯದಲ್ಲೂ ಅವನು ಕೊನೆಯವರೆಗೆ ಬಂದ. ಆ ಬಾರಿ ಅವನಿಗೆ ಒಂದು ಮತವೂ ಇಲ್ಲ. ಗೆದ್ದವಳು ಸಾಂಡ್ರಾ, ಅವಳು 2003ರಲ್ಲೂ ಗೆದ್ದಿದ್ದವಳು.

ಜ್ಯೂರಿಗೆ ಕಹಿಯೆಂದು ರಸೆಲ್‌ನನ್ನು ಮೆಚ್ಚಿದವರು ಇಂದಿಗೂ ದೂರುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಹೊರಹಾಕಿಸಿಕೊಂಡವನ ಕೈಯಿಂದಲೇ ಬಹುಮಾನ ಪಡೆಯಬೇಕೆಂಬುದು ಆಟದ ಮೊದಲ ದಿನದಿಂದ ಎಲ್ಲರಿಗೂ ತಿಳಿದ ನಿಯಮ. ಅದನ್ನು ಮರೆತು ಆಡಿದವನು ಅರ್ಧ ಆಟವನ್ನಷ್ಟೇ ಆಡಿದ.

ಮೊದಲ ಪಂದ್ಯದ ಏಳು ಮಂದಿಯಲ್ಲಿ ನನಗೆ ಹೆಚ್ಚು ನೆನಪಿರುವುದು ರೂಡಿ ಬೋಶ್ ಅವರೇ. ಹ್ಯಾಚ್ ಸಲಿಂಗಪ್ರೇಮಿ, ಹಳೆಯ ಸಂಪ್ರದಾಯದ ಆ ಮುದುಕರಿಗೆ ಅದು ಹಿಡಿಸದು, ಹಿಡಿಸದೆಂಬುದನ್ನು ಮುಚ್ಚಿಡಲೂ ಇಲ್ಲ. ಆದರೂ ಕೂಟ ಕಟ್ಟಿದ ದಿನ ಕೊಟ್ಟ ಮಾತಿಗೆ ತಪ್ಪದೆ ಮತವನ್ನು ಅವನಿಗೇ ಹಾಕಿದರು. ಅವರು 91ನೆಯ ವಯಸ್ಸಿನಲ್ಲಿ, 2019ರ ನವೆಂಬರ್ 1ರಂದು, ನಾವು ಇಲ್ಲಿ ರಾಜ್ಯೋತ್ಸವ ಆಚರಿಸುತ್ತಿದ್ದ ದಿನವೇ ತೀರಿಕೊಂಡರು.